ಬಲಗಿವಿಯ ಓಲೆ

ಓಲೆಯ ತಿರುಪು ಕೂರುತ್ತಲೇ ಇರಲಿಲ್ಲ. ತಂಗಿ ಹೇರ್‌ಪಿನ್ನು ಬಾಯಲ್ಲಿ ಕಚ್ಚಿಕೊಂಡು, ಮಂಡಿಯೂರಿ, ಅಕ್ಕನ ಬಲಗಿವಿಯನ್ನು ಮೆಲ್ಲಗೆ ಹಿಡಿದು ಇನ್ನೊಂದು ಸಲ ನೋಡಿದಳು. ಎಡಗಿವಿಗೆ ಸಲೀಸಾಗಿ ಹೋಗಿತ್ತು. ಬಲಗಿವಿಯ ತೂತು ಹೆಚ್ಚುಕಡಿಮೆ ಕೂಡಿಕೊಂಡೇ ಬಿಟ್ಟಿತ್ತು. ಬ್ಯೂಟಿ ಪಾರ್ಲರ್ ಇಟ್ಟುಕೊಂಡು ಊರಿನ ಮದುವಣಗಿತ್ತಿಯರನ್ನೆಲ್ಲ ಸಿಂಗರಿಸಿದ ಕೈ ಅದು. ಇವತ್ತು ಒಂದು ಓಲೆಯ ಮುಂದೆ ಸೋತು ಕೂತಿತ್ತು.

"ಬಿಡಮ್ಮ, ಒಂದೇ ಸಾಕು," ಎಂದರು ಭಾವ, ಬಾಗಿಲಿಗೆ ಒರಗಿಕೊಂಡು. "ಅವಳು ಯಾವತ್ತು ಎರಡು ಹಾಕಿದ್ಲು? ಬಲಗಿವಿನ ಫೋನಿಗೆ ಬರೆದುಕೊಟ್ಟಿದ್ಲು."

"ಅದಕ್ಕೇ ಭಾವ. ಇವತ್ತು ಯಾರೂ ಫೋನ್ ಮಾಡಲ್ಲ. ಎರಡೂ ಹಾಕ್ಕೊಂಡು ನೆಟ್ಟಗೆ ಹೋಗ್ಲಿ."

ಕೊನೆಗೂ ತಿರುಪು ಕೂತಿತು. ತಂಗಿ ಹಿಂದಕ್ಕೆ ಸರಿದು ನೋಡಿದಳು. ಬಾಚಿ ಕಟ್ಟಿದ ಕೂದಲು, ಎರಡೂ ಕಿವಿಗೆ ಓಲೆ. ಯಾರದೋ ಮದುವೆಗೆ ಹೊರಟು, ಹೋಗುವ ಮುಂಚೆ ಒಂದು ಗಳಿಗೆ ಮಲಗಿದವಳಂತಿದ್ದಳು ಅಕ್ಕ. ನಿನ್ನೆ ಬೆಳಿಗ್ಗೆ ಪಶುರೋಗ ಪತ್ತೆಯ ಲ್ಯಾಬಿಗೆ ಕೆಲಸಕ್ಕೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಅಷ್ಟೇ. ಎದೆ ಅನ್ನುವುದು ಯಾರಿಗೂ ಹೇಳದೆ ಕೇಳದೆ ನಿಂತುಹೋಗಿತ್ತು.

ಆಗಲೇ ವರಾಂಡದಿಂದ ಒಂದು ಹೆಂಗಸಿನ ದನಿ ಬಂತು.

"ಅಮ್ಮಾ, ಇದನ್ನ ಫ್ರಿಜ್ಜಲ್ಲಿ ಇಡ್ಲಾ, ಕೆಳಗೇ ಇಡ್ಲಾ?"

ತಂಗಿ ಹೊರಗೆ ಬಂದಳು. ಹಾಲಿನವಳು ಎರಡು ಕೈಯಲ್ಲಿ ಎರಡು ಐಸ್ ಪೆಟ್ಟಿಗೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನೊಂದು ಪೆಟ್ಟಿಗೆ, ಅದರ ಹಿಂದೆ ಮತ್ತೊಂದು. ಗೇಟು ದಾಟಿ ಬೀದಿಯವರೆಗೂ ಸಾಲು. ಕೆಲವರ ಕೈಯಲ್ಲಿ ಹೂವು, ಕೆಲವರ ಕೈಯಲ್ಲಿ ಪೆಟ್ಟಿಗೆ, ಕೆಲವರ ಕೈಯಲ್ಲಿ ಎರಡೂ.

"ಇದೇನಿದು? ಇವತ್ತು ಮನೇಲಿ ಏನಾಗಿದೆ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತಿಲ್ದೆ ಏನಮ್ಮ, ಅದಕ್ಕೇ ಬಂದಿದ್ದು," ಎಂದಳು ಹಾಲಿನವಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಆದ್ರೆ ಲ್ಯಾಬ್ ಬಾಗಿಲಿಗೆ ಇವತ್ತು ರಜ ಅಂತ ಬರೆದು ಹಾಕಿದ್ದಾರೆ. ಕೋಳಿಗೆ ರಜ ಗೊತ್ತಾಗುತ್ತಾ? ಮೊದಲನೇ ಬಸ್ಸಲ್ಲಿ ಬಂದೋರು ಯಾವಾಗ್ಲೂ ಇಲ್ಲೇ ತಾನೇ ಇಟ್ಟು ಹೋಗೋದು."

ಅದು ನಿಜ. ಹಳ್ಳಿಗಳ ಮೊದಲ ಬಸ್ಸು ಲ್ಯಾಬು ತೆಗೆಯುವುದಕ್ಕಿಂತ ಎಷ್ಟೋ ಮುಂಚೆ ಬರುತ್ತಿತ್ತು. ಸಾಕಿದವರು ರಕ್ತದ ಟ್ಯೂಬು ಹಿಡಿದು ಬಿಸಿಲಲ್ಲಿ ಕಾಯುವುದನ್ನು ನೋಡಲಾಗದೆ ಅಕ್ಕ ತನ್ನ ವರಾಂಡದಲ್ಲಿ ಒಂದು ಹಳೆಯ ಫ್ರಿಜ್ಜು ಇಡಿಸಿದ್ದಳು. ಅದರ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಇದರಲ್ಲಿ ತಿನ್ನುವಂಥದ್ದು ಏನೂ ಇಲ್ಲ." ಒಮ್ಮೆ ತಂಗಿ ಗೊತ್ತಿಲ್ಲದೆ ಅದರಲ್ಲಿ ಮೊಸರು ಇಟ್ಟಿದ್ದಳು. ಅಕ್ಕ ಆ ಮೊಸರನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತಂದ ರೀತಿಯನ್ನು ಮನೆಯವರು ಇನ್ನೂ ಆಡಿಕೊಂಡು ನಗುತ್ತಿದ್ದರು.

ಈ ವಾರವಂತೂ ಪೆಟ್ಟಿಗೆಗಳ ಸುಗ್ಗಿ. ಪಕ್ಕದ ಊರಿನ ಕೆರೆಯಲ್ಲಿ ಕೊಕ್ಕರೆಗಳು ಸತ್ತು ತೇಲಿದ್ದವು. ಹಕ್ಕಿಜ್ವರ ಎಂಬ ಗುಲ್ಲು ಎದ್ದಿತ್ತು. ಅದು ನಿಜವಾದರೆ ಸುತ್ತಲಿನ ಕೋಳಿ, ಬಾತು ಎಲ್ಲವನ್ನೂ ಕೊಂದು ಹೂಳಬೇಕು. ಪಶು ಆಸ್ಪತ್ರೆಯವರು ಮನೆಮನೆಗೆ ಹೋಗಿ ಹಕ್ಕಿಗಳ ಗಂಟಲಿಗೆ ಹತ್ತಿಕಡ್ಡಿ ಹಾಕಿ, ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿ ಕೊಟ್ಟಿದ್ದರು. ಅದೆಲ್ಲ ಈಗ ಅಕ್ಕನ ಹೆಣವಿದ್ದ ಮನೆಗೆ ಬಂದು ನಿಂತಿತ್ತು.

"ಅಮ್ಮ ಹೋದ ಮೇಲೂ ಬಿಡಲ್ವಲ್ಲ," ಎಂದಳು ಅಕ್ಕನ ಮಗಳು, ಹಿಂದಿನಿಂದ. ಶಾಲೆಯಲ್ಲಿ ಪಾಠ ಹೇಳುವವಳು, ಯಾವಾಗಲೂ ಅಳೆದು ತೂಗಿ ಮಾತಾಡುವವಳು. ಇವತ್ತು ಅವಳ ದನಿ ಒಡೆದಿತ್ತು. "ನಾನು ಹುಟ್ಟಿದಾಗಿಂದ ಅಮ್ಮ ಒಂದು ತುತ್ತು ನೆಮ್ಮದಿಯಾಗಿ ತಿಂದಿದ್ದು ನೋಡಿಲ್ಲ. ಫೋನ್ ಆಫ್ ಮಾಡಿ ಬೀರುವಲ್ಲಿ ಇಟ್ಟಿದೀನಿ ಚಿಕ್ಕಮ್ಮ. ಇವತ್ತು ಒಂದು ದಿನ ಸುಮ್ನಿರಲಿ."

ಗೇಟಿನ ಮುಂದೆ ಲ್ಯಾಬಿನ ವ್ಯಾನು ನಿಂತಿತು. ಕಣ್ಣು ಊದಿಸಿಕೊಂಡ ಡಾಕ್ಟರಮ್ಮ ಕೈಗೆ ಗ್ಲೌಸು ಎಳೆದುಕೊಳ್ಳುತ್ತಲೇ ಇಳಿದರು. ಲ್ಯಾಬಿನ ಮುಖ್ಯಸ್ಥೆ ಅವರು, ಆದರೆ ಅಕ್ಕನ ಮುಂದೆ ಹೊಸ ಸೊಸೆಯಂತಿರುತ್ತಿದ್ದರು.

"ಯಾರೂ ಪೆಟ್ಟಿಗೆ ತೆಗೀಬೇಡಿ. ಹಾಗೇ ವ್ಯಾನಿಗೆ ಹಾಕಿ," ಎಂದವರೇ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ. ನಾನು ಸ್ಮಶಾನಕ್ಕೆ ಬರಲ್ಲ. ಇದನ್ನೆಲ್ಲ ಇಟ್ಕೊಂಡು ನಾನು ಅಲ್ಲಿ ಬಂದು ಅಳ್ತಾ ನಿಂತ್ರೆ ಅಕ್ಕ ಎದ್ದು ಕೂತು ಬೈತಾರೆ."

ಸಾಲು ಸರಿಯುತ್ತಿತ್ತು. ಡಾಕ್ಟರಮ್ಮ ತಲೆ ಎತ್ತದೆ ಒಬ್ಬೊಬ್ಬರನ್ನೇ ಕೇಳಿ ಚೀಟಿ ಅಂಟಿಸುತ್ತಿದ್ದರು.

"ಯಾವ ಪ್ರಾಣಿ?"

"ಕೋಳಿ."

"ಯಾವ ಪ್ರಾಣಿ?"

"ಕೋಳೀನೇ ಅಮ್ಮ, ನಾಟಿ."

"ಯಾವ ಪ್ರಾಣಿ? ಯಾವಾಗಿಂದ ಮಂಕಾಗಿದೆ?"

ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದೊಡ್ಡ ಹಾರ ಹಿಡಿದು, ಬೆವರುತ್ತಾ ನಿಂತಿದ್ದರು ಪುರಸಭೆಯ ಅಧ್ಯಕ್ಷರು. ಮುಖ ನೋಡುವವರ ಸಾಲೆಂದು ತಿಳಿದು ಪೆಟ್ಟಿಗೆಯವರ ಸಾಲಿನಲ್ಲಿ ಇಷ್ಟು ಹೊತ್ತು ನಿಂತಿದ್ದರು.

"ಅವರು ಮಂಕಾಗಿಲ್ಲ ಡಾಕ್ಟರಮ್ಮ," ಎಂದಳು ಹಾಲಿನವಳು. "ಅಧ್ಯಕ್ಷರು ಇರೋದೇ ಹಾಗೆ."

ಸಾಲಿಗೆ ಸಾಲೇ ನಕ್ಕಿತು. ಬಾಗಿಲಲ್ಲಿದ್ದ ಭಾವ ಕೂಡ ನಕ್ಕು, ಆಮೇಲೆ ನಕ್ಕದ್ದಕ್ಕೆ ಅತ್ತುಬಿಟ್ಟರು. ಅಧ್ಯಕ್ಷರು ಕೆಟ್ಟವರೇನಲ್ಲ, ತಾವೂ ತುಟಿ ಕಚ್ಚಿಕೊಂಡರು. ಒಳಗೆ ಹೋಗಿ ಹಾರ ಹಾಕಿ, ಕೈಮುಗಿದು, ಹೊರಗೆ ಬಂದು ತಂಗಿಯನ್ನು ಪಕ್ಕಕ್ಕೆ ಕರೆದರು.

"ಲ್ಯಾಬಿನ ಸಭೆ ಮುಂದಕ್ಕೆ ಹಾಕೋಣ ಅಂತ ನೋಡ್ದೆ ಅಮ್ಮ. ಆಗ್ತಿಲ್ಲ. ಮೇಲಿನವರು ಇವತ್ತೇ ತೀರ್ಮಾನ ಕಳಿಸಿ ಅಂತಿದ್ದಾರೆ. ನಾಲ್ಕು ಗಂಟೆಗೆ. ನೀವು ಬರದೇ ಇದ್ರೂ ಯಾರೂ ಏನೂ ಅನ್ಕೊಳಲ್ಲ."

"ಬರ್ತೀನಿ," ಎಂದಳು ತಂಗಿ.

"ಚಿಕ್ಕಮ್ಮ," ಎಂದಳು ಮಗಳು, ಅವರು ಹೋದ ಮೇಲೆ. "ಅಮ್ಮನ್ನ ಸುಟ್ಟು ಬಂದು ಕೈಕಾಲು ತೊಳೆಯೋ ಮುಂಚೆ ಭಾಷಣ ಮಾಡೋಕೆ ಹೋಗ್ತೀಯಾ?"

*

ಹೋದ ವಾರ ಅಕ್ಕ ಪಾರ್ಲರಿನ ಕುರ್ಚಿಯಲ್ಲಿ ಬಂದು ಧೊಪ್ಪನೆ ಕೂತಿದ್ದಳು. ತಲೆಗೆ ಎಣ್ಣೆ ಹಾಕಿಸಿಕೊಳ್ಳುವ ನೆಪ. ಕನ್ನಡಿಯಲ್ಲಿ ಅವಳ ಮುಖ ಹುಳಿಹುಳಿಯಾಗಿತ್ತು.

"ಲ್ಯಾಬ್ ಮುಚ್ತಾರಂತೆ ಕಣೇ. ಕಟ್ಟಡ, ವ್ಯಾನು ಎರಡೂ ಪುರಸಭೆದು. ಅವರು ಕೈ ಬಿಟ್ರೆ ಮುಗೀತು. ಆಮೇಲೆ ಒಂದು ಕುರಿ ಕೆಮ್ಮಿದ್ರೂ ರಾಜಧಾನಿಗೆ ಕಳಿಸ್ಬೇಕು. ಅಲ್ಲಿಂದ ಉತ್ತರ ಬರೋ ಹೊತ್ತಿಗೆ ಕುರಿ ಮಂದೇನೇ ಖಾಲಿಯಾಗಿರುತ್ತೆ."

"ಯಾಕಂತೆ ಮುಚ್ಚೋದು?"

"ಅಧ್ಯಕ್ಷರು ತುಂಬಿದ ಸಭೇಲಿ ಕೇಳಿದ್ರು. ಹೋದ ವರ್ಷ ಪೂರ್ತಿ ಹುಡುಕಿ ಹುಡುಕಿ ಏನಮ್ಮ ಸಿಕ್ತು ಅಂತ. ನಾನು ಏನೂ ಸಿಗಲಿಲ್ಲ ಅಂದೆ. ಏನೂ ಸಿಗಲಿಲ್ಲ ಅಂತ ಬರೆಯೋಕೆ ಇಷ್ಟು ದೊಡ್ಡ ಕಟ್ಟಡ ಬೇಕಾ ಅಂದ್ರು. ಎಲ್ಲಾ ನಕ್ಕರು. ನಾನು ಫೈಲ್ ಮಡಚಿಕೊಂಡು ಬಂದ್ಬಿಟ್ಟೆ."

ತಂಗಿಗೂ ನಗು ಬಂದಿತ್ತು. ನುಂಗಿಕೊಂಡಳು. ಅಕ್ಕ ದುಡಿದು ಹಣ್ಣಾದದ್ದೆಲ್ಲ ಒಂದು "ಏನೂ ಇಲ್ಲ"ಕ್ಕಾಗಿ ಎಂದು ಅವಳಿಗೂ ಎಷ್ಟೋ ಸಲ ಅನ್ನಿಸಿದ್ದುಂಟು. ತಂಗಿಯ ಮದುವೆಯ ಊಟದ ಪಂಕ್ತಿಯಲ್ಲೇ ಅಕ್ಕ ಓಲೆ ಕಳಚಿ, ಫೋನು ಕಿವಿಗಿಟ್ಟು, "ಹಲೋ, ಲ್ಯಾಬಿಂದ. ನಿಮ್ಮ ಎಮ್ಮೆಗೆ ಏನೂ ಇಲ್ಲ" ಎಂದಾಗ ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

"ಮುಂದಿನ ವಾರ ಜನರನ್ನ ಕೇಳೋ ಸಭೆ ಇದೆ," ಎಂದಿದ್ದಳು ಅಕ್ಕ, ಕನ್ನಡಿಯೊಳಗಿನಿಂದಲೇ ತಂಗಿಯ ಕಣ್ಣು ಹಿಡಿದು. "ನೀನು ಬಾರೇ. ನನಗೆ ಸೂಜಿ ಹಿಡಿಯೋಕೆ ಬರುತ್ತೆ, ಮೈಕ್ ಹಿಡಿಯೋಕೆ ಬರಲ್ಲ. ದೇವರು ನಿನಗೆ ಇಬ್ಬರಿಗಾಗುವಷ್ಟು ಬಾಯಿ ಕೊಟ್ಟಿದ್ದಾನೆ. ಒಂದು ಗಂಟೆ ಸಾಲ ಕೊಡು."

"ಆಯ್ತು ಬರ್ತೀನಿ. ಮೊದಲು ಆ ಬಲಗಿವಿಗೆ ಓಲೆ ಹಾಕ್ಕೋ. ಬಾಗಿಲು ಕಿತ್ತುಹೋದ ಮನೆ ಥರ ಕಾಣ್ತೀಯ."

"ಸಭೆ ಗೆಲ್ಲು, ಹಾಕ್ಕೋತೀನಿ."

*

ವ್ಯಾನಿಗೆ ಪೆಟ್ಟಿಗೆಗಳೆಲ್ಲ ಏರಿದ ಮೇಲೆ ಭಾವ ಒಂದೇ ಸಮನೆ ಬೀದಿ ನೋಡತೊಡಗಿದರು.

"ಬಾತುಕೋಳಿ ಯಜಮಾನರು ಬರ್ಲಿಲ್ವಲ್ಲ. ಇನ್ನೊಂದು ಚೂರು ಕಾಯೋಣ."

"ಅವರು ಬರಲ್ಲ ಸಾರ್," ಎಂದಳು ಹಾಲಿನವಳು. "ನನ್ನ ಕೈಲಿ ಪೆಟ್ಟಿಗೆ ಕಳಿಸಿದ್ದಾರೆ, ಗೇಟ್ ಮೇಲಿಂದ. ಆ ಮನುಷ್ಯ ಗೇಟಿನ ಆ ಕಡೆ ನಿಂತು ಮಗು ಥರ ಅತ್ತ. ಉತ್ತರ ಬರೋ ತನಕ ಗೇಟ್ ದಾಟಬಾರದು ಅಂತ ಅಮ್ಮಾನೇ ಕಲಿಸಿದ್ದು, ಅಮ್ಮನ ಮುಖ ನೋಡೋಕೆ ಅಂತ ಅದನ್ನ ಹೆಂಗೆ ಮುರೀಲಿ ಅಂದ."

ಭಾವ ತಲೆಯಾಡಿಸಿದರು. ಆಮೇಲೆ ಯಾರಿಗೂ ಕಾಯಲಿಲ್ಲ. ಚಟ್ಟ ಎತ್ತಿ ಎಂದರು.

*

ಬಾತುಕೋಳಿ ಯಜಮಾನರ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ಕೆಲಸಕ್ಕೆ ಸೇರಿದ ಹೊಸತು. ರೋಗ ಸಿಕ್ಕರೆ ಮಾತ್ರ ತಿಳಿಸುವುದು, ಸಿಗದಿದ್ದರೆ ಸುಮ್ಮನಿರುವುದು ಲ್ಯಾಬಿನ ಕ್ರಮ. ಯಜಮಾನರು ಆಗಿನ್ನೂ ಹುಡುಗ, ಹೊಸದಾಗಿ ಬಾತುಕೋಳಿ ಸಾಕಿದ್ದ. ನಾಲ್ಕಾರು ಸತ್ತವೆಂದು ಒಂದನ್ನು ತಂದುಕೊಟ್ಟು ಹೋದ. ಏನೂ ಸಿಗಲಿಲ್ಲ. ಏನೋ ಹಳಸಿದ್ದು ತಿಂದಿದ್ದವು, ಅಷ್ಟೇ. ಲ್ಯಾಬಿನವರು ಸುಮ್ಮನಿದ್ದರು. ಅವನು ಕಾದ. ಲ್ಯಾಬಿನವರು ಮಾತಾಡದೇ ಇದ್ದಾರೆಂದರೆ ಏನೋ ದೊಡ್ಡದೇ ಇರಬೇಕು, ಮುಚ್ಚಿಡುತ್ತಿದ್ದಾರೆ ಎಂದು ಊರಿನವರು ಅವನ ತಲೆ ತಿಂದರು. ಕೊನೆಗೆ ಒಂದು ದಿನ ಅವನೇ ಗುಂಡಿ ತೋಡಿ, ಆಡಿಕೊಂಡಿದ್ದ ಹಿಂಡನ್ನೆಲ್ಲ ತನ್ನ ಕೈಯಾರೆ ಮುಗಿಸಿ ಹೂತುಬಿಟ್ಟ.

ಅಕ್ಕ ಆ ಗುಂಡಿಯನ್ನು ಹೋಗಿ ನೋಡಿ ಬಂದಿದ್ದಳು. ಮರುದಿನ ಲ್ಯಾಬಿನ ಫೋನಿನ ಮುಂದೆ ಕೂತು, ಬಲಗಿವಿಯ ಓಲೆ ಕಳಚಿ ಮೇಜಿನ ಮೇಲಿಟ್ಟು, ಏನೂ ಸಿಗದವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ಯಾರೂ ಮಾಡೆಂದು ಹೇಳಿರಲಿಲ್ಲ. ಯಾರೂ ನಿಲ್ಲಿಸು ಎನ್ನಲೂ ಇಲ್ಲ. ಹಾಗೆ ಶುರುವಾದದ್ದು ಮೊನ್ನೆಯವರೆಗೂ ನಡೆದಿತ್ತು.

*

ಪುರಸಭೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗೆಲ್ಲ ಜೋತುಬಿದ್ದಿದ್ದರು. ಸ್ಮಶಾನದಿಂದ ನೇರ ಬಂದವರೇ ಹೆಚ್ಚು. ವ್ಯಾನಿನಿಂದ ವಾಪಸು ಬಂದಿದ್ದ ಖಾಲಿ ಐಸ್ ಪೆಟ್ಟಿಗೆಗಳನ್ನು ಕೆಲವರು ತೊಡೆಯ ಮೇಲಿಟ್ಟುಕೊಂಡಿದ್ದರು, ಕೆಲವರು ಅದರ ಮೇಲೇ ಕೂತಿದ್ದರು. ತಂಗಿ ಮೈಕಿನ ಮುಂದೆ ನಿಂತಳು. ಹೇಳಬೇಕಾದದ್ದನ್ನೆಲ್ಲ ಅಂಗೈಯಲ್ಲಿ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಈಗ ನೋಡಿದರೆ ಬೆವರಿಗೆ ಎಲ್ಲ ಕಲಸಿ ನೀಲಿ ಕಲೆಯಾಗಿತ್ತು.

"ನಮ್ಮ ಅಕ್ಕ," ಎಂದಳು. ಮುಂದಕ್ಕೆ ಹೋಗಲಿಲ್ಲ. ಇಬ್ಬರಿಗಾಗುವಷ್ಟು ಬಾಯಿಯಲ್ಲಿ ಒಂದು ಮಾತೂ ಇರಲಿಲ್ಲ.

ಅಧ್ಯಕ್ಷರು ಮೃದುವಾಗಿಯೇ ಹೇಳಿದರು. "ನೋಡಿಮ್ಮ, ದುಃಖ ನಮಗೂ ಇದೆ. ಆದ್ರೆ ನಾನು ಉತ್ತರ ಕೊಡಬೇಕಾದೋನು. ಹೋದ ಸಲ ನಿಮ್ಮ ಅಕ್ಕನ್ನ ಕೇಳಿದ್ದನ್ನೇ ಕೇಳ್ತೀನಿ. ಆ ಲ್ಯಾಬಿಂದ ಈ ಊರಿಗೆ ಸಿಕ್ಕಿದ್ದೇನು?"

ಹಿಂದಿನ ಬಾಗಿಲಲ್ಲಿ ಗಲಿಬಿಲಿಯಾಯಿತು. ಅಕ್ಕನ ಮಗಳು ಜನರನ್ನು ಸರಿಸಿಕೊಂಡು ಬರುತ್ತಿದ್ದಳು, ತಲೆ ಸ್ನಾನ ಮಾಡಿದ ಒದ್ದೆ ಕೂದಲಲ್ಲೇ. ಅವಳ ಕೈಯಲ್ಲಿ ಅಕ್ಕನ ಫೋನು ಬಡಿದುಕೊಳ್ಳುತ್ತಿತ್ತು.

"ಮನೇಲಿ ಕೂತಿರೋಕೆ ಆಗ್ಲಿಲ್ಲ," ಎಂದಳು ಮೆಲ್ಲಗೆ, ಫೋನು ಚಾಚುತ್ತಾ. "ಸುಮ್ನೆ ಒಂದ್ಸಲ ಆನ್ ಮಾಡ್ದೆ. ಡಾಕ್ಟರಮ್ಮ ಮಾಡ್ತಾ ಇದ್ದಾರೆ. ನನಗೆ ಎತ್ತೋಕೆ ಧೈರ್ಯ ಆಗ್ತಿಲ್ಲ ಚಿಕ್ಕಮ್ಮ. ನೀನೇ ಎತ್ತು."

ತಂಗಿ ಎತ್ತಿದಳು. ಆ ಕಡೆಯಿಂದ ಡಾಕ್ಟರಮ್ಮ ಉಸಿರು ಬಿಡದೆ ಹೇಳಿದರು, "ಅಕ್ಕಾ, ಎಲ್ಲಾ ಬಂತು, ಒಂದರಲ್ಲೂ ಇಲ್ಲ." ಆಮೇಲೆ ತಟ್ಟನೆ ನಿಂತರು. "ಅಯ್ಯೋ. ಕ್ಷಮಿಸಿ. ಫಲಿತಾಂಶ ಬಂದಾಗ ಕೈ ತಾನಾಗೇ ಈ ನಂಬರಿಗೇ ಹೋಗುತ್ತೆ."

"ಪರವಾಗಿಲ್ಲ. ಯಾರಿಗೆ ಮೊದಲು ಹೇಳ್ಬೇಕು?"

"ಬಾತುಕೋಳಿ ಯಜಮಾನರಿಗೆ."

ತಂಗಿ ಫೋನಿನಲ್ಲಿ ಹೆಸರು ಹುಡುಕಿದಳು. ಹೆಸರೇ ಇರಲಿಲ್ಲ. ಅಕ್ಕ ಮನುಷ್ಯರನ್ನೆಲ್ಲ ಪ್ರಾಣಿಗಳಾಗಿ ಬರೆದಿಟ್ಟುಕೊಂಡಿದ್ದಳು. ಎಮ್ಮೆ ಜೋಡಿ. ಒಂಟಿ ಕೊಂಬಿನ ಟಗರು. ಕುಂಟ ಮೇಕೆ. ಹಾಲಿನವಳು "ಜಗಳಗಂಟಿ ಹಸು" ಆಗಿದ್ದಳು. ಬಾತುಕೋಳಿ ಯಜಮಾನ ಸಿಕ್ಕಿತು. ಒತ್ತಲು ಹೋದಳು, ಬೆವರಿದ ಬೆರಳು ಜಾರಿ ಅದರ ಕೆಳಗಿನ ಹೆಸರಿಗೆ ಬಿತ್ತು. ಬೆಕ್ಕು, ಹಳದಿ.

ವೇದಿಕೆಯ ಮೇಲೆ ಫೋನು ರಿಂಗಾಯಿತು.

ಅಧ್ಯಕ್ಷರು ಜೇಬಿನಿಂದ ಫೋನು ತೆಗೆದು ಹೆಸರು ನೋಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಬೆಳಿಗ್ಗೆ ತಾನೇ ಯಾರ ಕೊರಳಿಗೆ ಹಾರ ಹಾಕಿ ಬಂದಿದ್ದರೋ ಅವರ ಕರೆ ಬರುತ್ತಿತ್ತು. ಹಸಿರು ಗುಂಡಿ ಒತ್ತಿ, ಕಿವಿಗಿಟ್ಟು, ಮೈಕು ಮುಂದಿದೆ ಎಂಬುದನ್ನೂ ಮರೆತು, "ಹಲೋ?" ಎಂದರು.

ಇತ್ತ ತಂಗಿಯ ಕೈಯಲ್ಲಿದ್ದ ಫೋನಿನಿಂದಲೂ "ಹಲೋ?" ಬಂತು.

ತಂಗಿ ಫೋನನ್ನು ನೋಡಿದಳು, ಅಧ್ಯಕ್ಷರನ್ನು ನೋಡಿದಳು. "ಹಳದಿ ಬೆಕ್ಕು ನೀವಾ ಸಾರ್?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕಿಟಕಿಯಲ್ಲಿದ್ದವನೊಬ್ಬ ನಿಜವಾಗಿಯೂ ಬಿದ್ದ. ಅಧ್ಯಕ್ಷರು ನಗಲಿಲ್ಲ. ಫೋನನ್ನು ಕಿವಿಯಲ್ಲೇ ಹಿಡಿದುಕೊಂಡು ಎಲ್ಲೋ ನೋಡುತ್ತಿದ್ದರು. ನಗು ತಾನಾಗಿ ಕರಗಿತು.

"ನಮ್ಮನೇಲಿ ಒಂದು ಬೆಕ್ಕಿತ್ತು," ಎಂದರು ನಿಧಾನವಾಗಿ. "ನನ್ನ ಮಗಳು ಚಿಕ್ಕೋಳು ಆಗ. ಬೆಕ್ಕು ಅವಳನ್ನ ಕಚ್ಚಿ, ಆಮೇಲೆ ತಾನೇ ಸತ್ತು ಬಿತ್ತು. ಹುಚ್ಚು ಇತ್ತು ಅಂದ್ರು ಜನ. ಬೆಕ್ಕನ್ನ ಲ್ಯಾಬಿಗೆ ಕಳಿಸಿ, ಮಗೂಗೆ ಚುಚ್ಚುಮದ್ದು ಹಾಕಿಸಿದ್ವಿ, ಆದ್ರೂ ನಾನು ನನ್ನ ಹೆಂಡತಿ ಅವಳ ಮುಖಾನೇ ನೋಡ್ತಾ ಕೂತಿದ್ವಿ. ನೀರು ಕುಡಿದ್ಲಾ, ಬಿಟ್ಲಾ ಅಂತ." ಫೋನನ್ನು ಮೇಜಿನ ಮೇಲಿಟ್ಟರು. "ಸಾಯಂಕಾಲ ಫೋನ್ ಬಂತು. ಏನೂ ಇಲ್ಲ ಅಂದ್ರು. ನಾನು ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ. ಫೋನ್ ಎಸೆದು ಮಗೂನ ಎತ್ಕೊಂಡೆ. ಆಮೇಲೆ ಮರೆತೇ ಹೋದೆ. ಈಗ ನೀವು ಮಾಡೋ ತನಕ ನೆನಪೇ ಇರ್ಲಿಲ್ಲ."

ಕೂತುಬಿಟ್ಟರು.

ಅಷ್ಟರಲ್ಲಿ ತಂಗಿಗೆ ತನ್ನ ಬಾಯಿ ವಾಪಸು ಸಿಕ್ಕಿತ್ತು. "ಆ ಲ್ಯಾಬಿಂದ ಊರಿಗೆ ಏನು ಸಿಕ್ಕಿದೆ ಅಂತ ಕೇಳಿದ್ರಲ್ಲ ಸಾರ್. ಹೇಳೋದಕ್ಕಿಂತ ಕೇಳಿಸಿಬಿಡ್ತೀನಿ ಇರಿ."

ಅವಳ ಬಲಗಿವಿಯ ಓಲೆ ಫೋನಿಗೆ ತಾಗುತ್ತಿತ್ತು. ಯಾವಾಗ ಕಳಚಿದಳೋ ಅವಳಿಗೇ ಗೊತ್ತಾಗಲಿಲ್ಲ, ಅದು ಮೈಕಿನ ಪಕ್ಕದಲ್ಲಿ ಮಿನುಗುತ್ತಿತ್ತು. ಈ ಸಲ ಬೆರಳು ಜಾರಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಮೈಕಿಗೆ ಹಿಡಿದಳು. ಮೊದಲ ರಿಂಗು ಮುಗಿಯುವ ಮುಂಚೆಯೇ ಆ ಕಡೆ ಎತ್ತಿದರು. ಬರೀ ಉಸಿರು.

"ಹಲೋ, ಲ್ಯಾಬಿಂದ," ಎಂದಳು ತಂಗಿ. "ಯಜಮಾನ್ರೆ, ನಾನು ಅವರ ತಂಗಿ. ನಿಮ್ಮ ಬಾತುಕೋಳಿಗೆ ಏನೂ ಇಲ್ಲ."

ಆ ಕಡೆ ಬಕೆಟ್ಟೋ ಏನೋ ಉರುಳಿದ ಸದ್ದು. "ಏನೂ ಇಲ್ವಂತೆ ಕಣೇ," ಎಂದು ಯಜಮಾನರ ದನಿ ಕೂಗಿತು. ದೂರದಿಂದ ಹೆಂಗಸಿನ ಅಳು, ಮಕ್ಕಳು ಓಡಿದ ಸದ್ದು, "ಗೇಟ್ ತೆಗೀರೋ" ಎಂಬ ಕೂಗು, ತುಕ್ಕು ಹಿಡಿದ ಕಬ್ಬಿಣದ ಕಿರುಗುಟ್ಟುವಿಕೆ. ಅದರ ಹಿಂದೆಯೇ ಬಾಗಿಲು ತೆಗೆದ ಖುಷಿಗೆ ಒಟ್ಟಿಗೆ ಗಲಾಟೆ ಎಬ್ಬಿಸಿದ ಒಂದಿಡೀ ಹಿಂಡು. ಕ್ವಾಕ್ ಕ್ವಾಕ್ ಎಂಬ ಆ ಗದ್ದಲ ಪುರಸಭೆಯ ಸ್ಪೀಕರುಗಳಿಂದ ಹೊರಬಿದ್ದು ಗೋಡೆಯಿಂದ ಗೋಡೆಗೆ ಬಡಿಯಿತು. ಯಾರೂ ನಗಲಿಲ್ಲ. ಎಲ್ಲರೂ ಕಿವಿಗೊಟ್ಟು ಕೇಳಿದರು.

"ಅಮ್ಮಾ," ಎಂದರು ಯಜಮಾನರು, ಆ ಗದ್ದಲದ ನಡುವಿನಿಂದ. "ಈಗ ಹೊರಟ್ರೆ ಮುಖ ನೋಡೋಕೆ ಸಿಗುತ್ತಾ?"

ತಂಗಿ ಕಣ್ಣು ಮುಚ್ಚಿಕೊಂಡಳು. "ಸಿಗಲ್ಲ ಯಜಮಾನ್ರೆ. ಆದ್ರೂ ಬನ್ನಿ. ಗೇಟ್ ತೆಗೆದಿದೆಯಲ್ಲ."

ಲ್ಯಾಬು ಮುಚ್ಚಬೇಕೆನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಒಂದು ಕೈಯೂ ಏಳಲಿಲ್ಲ. ಉಳಿಯಬೇಕೆನ್ನುವವರು ಎಂದು ಕೇಳುವ ಮುಂಚೆಯೇ ಅಧ್ಯಕ್ಷರ ಕೈಯೇ ಮೇಲಿತ್ತು, ಅವರಿಗಿಂತ ಮುಂಚೆ ಹಾಲಿನವಳ ಎರಡೂ ಕೈ ಮೇಲಿದ್ದವು. "ಒಂದೇ ಕೈ ಕಣಮ್ಮ," ಎಂದರು ಯಾರೋ. "ಒಂದು ನಂದು, ಒಂದು ನಮ್ಮ ಹಸುದು," ಎಂದಳು. ಹಿಂದಿನ ಸಾಲಿನಲ್ಲಿ ಭಾವನ ಕೈಯೂ ಎದ್ದಿತ್ತು. ಕೈಗಳ ಕಾಡಿನಲ್ಲಿ ಅಧ್ಯಕ್ಷರು ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ. "ಲ್ಯಾಬ್ ಇರುತ್ತೆ," ಎಂದರು. "ಬರ್ಕೊಳ್ಳಿ. ವ್ಯಾನೂ ಇರುತ್ತೆ."

ಬಾಗಿಲುಗಳು ತೆರೆದುಕೊಂಡವು. ಬೆಳಿಗ್ಗೆ ಅಕ್ಕನನ್ನು ಹೊತ್ತು ಸಾಗಿದ್ದ ಬೀದಿಯಲ್ಲೇ ಜನ ಈಗ ಹೊಳೆಯಾಗಿ ಹರಿದರು. ಇಳಿಬಿಸಿಲು ಎಲ್ಲರ ಮುಖಕ್ಕೆ ಬಡಿಯುತ್ತಿತ್ತು. ಯಾರೋ ಒಬ್ಬ ಹೆಗಲ ಮೇಲಿನ ಖಾಲಿ ಐಸ್ ಪೆಟ್ಟಿಗೆಯನ್ನು ಸುಮ್ಮನೆ ತಟ್ಟಿದ. ಪಕ್ಕದವನು ತನ್ನದನ್ನೂ ತಟ್ಟಿದ. ಬೀದಿಯ ತಿರುವು ದಾಟುವ ಹೊತ್ತಿಗೆ ಪೆಟ್ಟಿಗೆಗಳೆಲ್ಲ ತಮಟೆಯಾಗಿದ್ದವು, ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ಎಲ್ಲರ ಮುಂದೆ ತಂಗಿ ನಡೆಯುತ್ತಿದ್ದಳು. ಅವಳ ಪಕ್ಕದಲ್ಲಿ ಅಕ್ಕನ ಮಗಳು, ಚಿಕ್ಕಮ್ಮನ ಓಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

"ಮುಂದಿನದು ಯಾರು?" ಎಂದಳು ತಂಗಿ.

"ನಾಟಿ ಕೋಳಿ, ಬಾವಿ ಮನೆ," ಎಂದಳು ಮಗಳು, ಪರದೆ ನೋಡಿ. ತಾನೇ ಒತ್ತಿ, ಫೋನನ್ನು ಚಿಕ್ಕಮ್ಮನ ಬಲಗಿವಿಗೆ ಹಿಡಿದಳು.

ತಂಗಿ ಒಂದು ಕೈ ಮೇಲೆತ್ತಿದಳು. ಬೀದಿಗೆ ಬೀದಿಯೇ ನಿಂತಿತು. ತಟ್ಟಲು ಎತ್ತಿದ ಅಂಗೈಗಳು ಪೆಟ್ಟಿಗೆಗಳ ಮೇಲೆ ಗಾಳಿಯಲ್ಲೇ ನಿಂತವು. ಆ ಕಡೆ ರಿಂಗಾಗುತ್ತಿತ್ತು.